ಗಾಡಿ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಮೊದ್ಲು ಬ್ಯಾಟರಿ ಬದಲಾಯ್ಸೋದಾ?

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪತ್ರಿಕೇಲಿ ಓದುಗರ ಪತ್ರದ ಜಾಗದಲ್ಲಿ ಒಬ್ರು ಬರ್ದಿದ್ರು, ಹದಿನೈದು ವರ್ಷ ದಾಟಿದ ಗಾಡಿ ಇಟ್ಕೊಂಡಿರೋರು ದಿನಾ ಬೆಳಿಗ್ಗೆ ತಳ್ಕೊಂಡೇ ಇರ್ಬೇಕು, ಸುಮ್ನೆ ಗುಜರಿಗೆ ಹಾಕಿ ನೆಮ್ಮದಿಯಾಗಿರಿ ಅಂತ. ಅವ್ರ ಮೇಲೆ ನಂಗೇನೂ ಕೋಪ ಇಲ್ಲ, ಅವ್ರ ಗಾಡಿ ಅವ್ರಿಗೆಷ್ಟು ಗೋಳು ಹುಯ್ಕೊಂಡಿದ್ಯೋ ಏನೋ. ಆದ್ರೆ ಹಳೇ ಗಾಡಿ ಸ್ಟಾರ್ಟ್ ಆಗ್ದೇ ಇರೋದೇ ಬೇರೆ, ಯಾಕಾಗ್ತಿಲ್ಲ ಅಂತ ನೋಡೋಕೆ ಬರ್ದೇ ಇರೋದೇ ಬೇರೆ. ಎರಡನೇದಕ್ಕೆ ನಾನು ದುಡ್ಡು ಸುರ್ದು ಕೂತಿದೀನಿ, ಅದನ್ನ ಹೇಳೋಣ ಅಂತ ಈ ಪತ್ರ. ಉದ್ದ ಆದ್ರೆ ಕತ್ರಿ ಹಾಕಿ, ಆದ್ರೆ ಅರ್ಥಿಂಗ್ (ಕರೆಂಟು ಬ್ಯಾಟರಿಗೆ ವಾಪಸ್ ಬರೋ ದಾರಿ) ವಿಷ್ಯ ಮಾತ್ರ ಕತ್ತರಿಸ್ಬೇಡಿ ದಯವಿಟ್ಟು.

ನಾವು ಶಿಡ್ಲಘಟ್ಟ ತಾಲ್ಲೂಕಿನೋರು, ರೇಷ್ಮೆ ಬೆಳೆ. ನಮ್ಮನೇಲಿರೋದು 1999ರ ಮಾರುತಿ ಓಮ್ನಿ ವ್ಯಾನು, ಅದೇ ಸೀಟ್ ಎತ್ತಿದ್ರೆ ಕೆಳಗೆ ಇಂಜಿನ್ ಇರತ್ತಲ್ಲ, 796 ಸಿಸಿ, ಮೂರು ಸಿಲಿಂಡರ್, ಪೆಟ್ರೋಲ್ ಗಾಳಿ ಬೆರೆಸೋ ಕಾರ್ಬುರೇಟರ್, ಚಳೀಲಿ ಪೆಟ್ರೋಲ್ ಜಾಸ್ತಿ ಹೋಗೋಕೆ ಚೋಕ್ ಎಳ್ದು ಸ್ಟಾರ್ಟ್ ಮಾಡೋದು. ಈ ವ್ಯಾನು ಮಾರ್ಕೆಟ್‌ಗೆ ಬಂದಿದ್ದು 1984ರಲ್ಲಿ, 2019ರಲ್ಲಿ ಮಾಡೋದು ನಿಲ್ಸಿದ್ರು, ನಮ್ದು ಮಾತ್ರ ನಿಂತಿಲ್ಲ. 2014, 2019, 2024 ಅಂತ ಮೂರು ಸಲ ಆರ್‌ಸಿ ರಿನ್ಯೂವಲ್ ಮಾಡ್ಸಿದೀನಿ, ಮೊದಲೆಲ್ಲಾ 600 ರೂಪಾಯಿ ಇದ್ದ ಫೀಸು 2022ರ ಏಪ್ರಿಲ್‌ನಿಂದ 5,000 ಆಯ್ತು, ಅದನ್ನೂ ಕಟ್ಟಿದೀನಿ, ಅಂದ್ರೆ ಗಾಡಿ ಮೇಲೆ ನಂಗೆ ನಂಬಿಕೆ ಇದೆ ಅಂತಾನೇ ಅರ್ಥ ಅಲ್ವಾ.

ರೇಷ್ಮೆ ಗೂಡು ಮಾರೋರಿಗೆ ಗೊತ್ತು, ಬೆಳೆ ಕೈಗೆ ಬಂದ್ಮೇಲೆ ಕಾಯೋಕಾಗಲ್ಲ. ಹಣ್ಣಾದ ಹುಳ ಚಂದ್ರಿಕೆ (ಹುಳ ಗೂಡು ಕಟ್ಟೋ ತಟ್ಟೆ) ಹತ್ತಿ ಐದಾರು ದಿನಕ್ಕೆ ಗೂಡು ಬಿಡಿಸ್ಬೇಕು, ಬಿಡಿಸಿದ ಮೇಲೆ ದಿನಾ ತೂಕ ಇಳಿತಾ ಹೋಗತ್ತೆ, ಇನ್ನೂ ಬಿಟ್ರೆ ಚಿಟ್ಟೆ ತೂತು ಮಾಡ್ಕೊಂಡು ಆಚೆ ಬಂದ್ಬಿಡತ್ತೆ, ಆಮೇಲೆ ಅದನ್ನ ನೂಲು ತೆಗೆಯೋ ಯಾವ ರೀಲರ್ರೂ ಮೂಸಿನೂ ನೋಡಲ್ಲ. ಅಂಥಾ ದಿನ ಬೆಳಗಿನ ಜಾವ ಮೂರೂವರೆಗೆ ಹಿಂದಿನ ಸೀಟ್ ಮಡಚಿ ಗೂಡು ತುಂಬ್ಕೊಂಡು ಕೀ ತಿರುಗಿಸ್ದೆ. ಟಕ್. ಅಷ್ಟೇ. ಇನ್ನೊಂದ್ಸಲ, ಟಕ್. ಹೆಡ್‌ಲೈಟು ಝಗಮಗ ಅಂತಿದೆ, ಹಾರನ್ ಊರಿಗೇ ಕೇಳ್ಸತ್ತೆ, ಇಂಜಿನ್ ಮಾತ್ರ ತಿರುಗ್ತಿಲ್ಲ. ಪಕ್ಕದ ಮನೆಯೋರ ಟೆಂಪೋಗೆ ಗೂಡು ದಾಟಿಸ್ಕೊಂಡು ಅವತ್ತಿನ ಮಾರ್ಕೆಟ್ ಹೆಂಗೋ ಮುಗಿಸ್ದೆ, ಅವ್ರು ಬಾಡಿಗೆ ತಗೊಳ್ಲಿಲ್ಲ ಅನ್ನೋದನ್ನೂ ಬರೀಬೇಕು.

ಆಮೇಲೆ ಗ್ಯಾರೇಜು. ಯಾವ ಗ್ಯಾರೇಜು, ಯಾವೂರು ಅಂತ ಬರೆಯಲ್ಲ, ಅವ್ನೊಬ್ಬನೇ ಹಂಗಲ್ಲ. ಹುಡುಗ ಬಂದ, ಕೀ ತಿರುಗಿಸ್ದ, ಟಕ್ ಅಂತು, ‘ಬ್ಯಾಟರಿ ಹೋಗಿದೆ ಅಣ್ಣ’ ಅಂದ. ವೋಲ್ಟ್ ಅಳೆಯೋ ಮೀಟರ್ ಇಟ್ಟು ನೋಡ್ಲಿಲ್ಲ, ಎರಡು ವರ್ಷದ ಬ್ಯಾಟರಿ ಅದು. ಸರಿ ಹೊಸಾದು ಹಾಕ್ದ, ಗಾಡಿ ಸ್ಟಾರ್ಟ್ ಆಯ್ತು. ಎರಡು ವಾರ ಚೆನ್ನಾಗಿತ್ತು, ಮತ್ತೆ ಟಕ್. ಈ ಸಲ ‘ಸ್ಟಾರ್ಟರ್ ಮೋಟ್ರು ಹೋಗಿದೆ, ರೀಕಂಡೀಷನ್ ಒಂದಿದೆ ಹಾಕ್ತೀನಿ’ ಅಂದ, ಅಂದ್ರೆ ಇಂಜಿನ್ ತಿರುಗ್ಸೋ ಮೋಟ್ರು, ರಿಪೇರಿ ಮಾಡಿದ ಹಳೇದು, ಹಾಕ್ದ, ಸ್ಟಾರ್ಟ್ ಆಯ್ತು. ಇಪ್ಪತ್ತು ದಿನ. ಮತ್ತೆ ಟಕ್. ಆಗ ಅಂದಿದ್ದು ‘ವೈರಿಂಗೇ ಪೂರ್ತಿ ಹೋಗಿದೆ, ಕಿಟ್ ಬದಲಾಯಿಸ್ಬೇಕು, ಹನ್ನೆರಡು ಸಾವಿರ ಆಗತ್ತೆ, ಅದಕ್ಕಿಂತ ಗಾಡೀನೇ ಕೊಟ್ಬಿಡಿ’ ಅಂತ. ಅಷ್ಟೊತ್ತಿಗಾಗ್ಲೇ ನಂದು ಒಂಬತ್ತು ಸಾವಿರ ಹೋಗಿತ್ತು.

ನಮ್ಮ ಭಾಮೈದನ ಕಡೆಯೋರೊಬ್ರು ಕೆಎಸ್ಸಾರ್ಟಿಸಿ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ರಿಟೈರ್ ಆಗಿದಾರೆ, ಬಾಯಿಗೆ ಎಲೆ ಅಡಿಕೆ ಹಾಕ್ಕೊಂಡ್ರೆ ಅರ್ಧ ಗಂಟೆ ಮಾತೇ ಆಡಲ್ಲ. ಅವ್ರು ಬಂದು ನಿಂತ್ಕೊಂಡು ‘ಲೈಟ್ ಹಾಕ್ಕೊಂಡು ಕೀ ತಿರುಗ್ಸು’ ಅಂತ ಕೈಸನ್ನೆ ಮಾಡಿದ್ರು. ತಿರುಗಿಸ್ದೆ. ಟಕ್. ಲೈಟು ಹಂಗೇ ಉರೀತಿತ್ತು, ಕಮ್ಮಿನೇ ಆಗ್ಲಿಲ್ಲ. ಉಗುಳಿ ಬಂದು ಮೊದಲನೇ ಮಾತು ಅವ್ರು ಆಡಿದ್ದು, ‘ನಿನ್ ಬ್ಯಾಟರಿ ಅವತ್ತೂ ಚೆನ್ನಾಗಿತ್ತು ಇವತ್ತೂ ಚೆನ್ನಾಗಿದೆ.’

ನಂಗೆ ತಲೆ ತಿರುಗ್ತು. ಅವ್ರು ಹೇಳಿದ್ದನ್ನ ನಂಗರ್ಥ ಆದಂಗೆ ಹೇಳ್ತೀನಿ. ಬ್ಯಾಟರಿ ವೀಕ್ ಇದ್ರೆ ಕೀ ತಿರುಗಿಸಿದ ತಕ್ಷಣ ಸ್ಟಾರ್ಟರ್ ಎಲ್ಲಾ ಕರೆಂಟ್ ಎಳ್ಕೊಳತ್ತೆ, ಲೈಟು ಮಂಕಾಗಿ ಕೆಂಪಗಾಗತ್ತೆ, ಇಲ್ಲಾ ಆರೇ ಹೋಗತ್ತೆ. ಸ್ಟಾರ್ಟರ್ ಒಳಗೆ ಜಾಮ್ ಆಗಿದ್ರೂ ಹಂಗೇನೇ. ಲೈಟು ಅಲ್ಲಾಡ್ಲಿಲ್ಲ ಅಂದ್ರೆ ಬ್ಯಾಟರಿಯಿಂದ ಸ್ಟಾರ್ಟರ್‌ಗೆ ಬೇಕಾದಷ್ಟು ಕರೆಂಟ್ ಹೋಗ್ತಾನೇ ಇಲ್ಲ, ದಾರೀಲಿ ಎಲ್ಲೋ ಕಟ್ಟಾಗಿದೆ. ಇಷ್ಟು ನೋಡೋಕೆ ಮೀಟರ್ರೂ ಬೇಡ ಸ್ಪ್ಯಾನರ್ರೂ ಬೇಡ, ಅವತ್ತು ಮೂರೂವರೆ ಗಂಟೆ ಕತ್ತಲಲ್ಲಿ ನನ್ನ ಕಣ್ಣೆದುರಿಗೇ ಇತ್ತು ಅದು, ಹೆಡ್‌ಲೈಟ್ ಝಗಮಗ ಅಂತಿತ್ತು ಅಂತ ನಾನೇ ಮೇಲೆ ಬರ್ದಿದೀನಿ ನೋಡಿ.

ಆಮೇಲೆ ಇನ್ನೊಂದು ವಿಚಿತ್ರ. ನಾಲ್ಕೈದು ಸಲ ಕೀ ತಿರುಗಿಸಿದ್ಮೇಲೆ ನಮ್ಮ ಹುಡುಗ ಚೋಕ್ ಮುಟ್ಟಿ ‘ಅಪ್ಪಾ ಇದು ಬೆಚ್ಚಗಿದೆ’ ಅಂದ. ಚೋಕ್ ಕೇಬಲ್ ಯಾಕ್ ಬಿಸಿ ಆಗ್ಬೇಕು, ಅದೇನು ಕರೆಂಟ್ ವೈರಾ? ಅದನ್ನ ಕೇಳಿದ್ದೇ ತಡ ಆ ಯಜಮಾನ್ರು ಗಾಡಿ ಕೆಳಗೆ ತೂರ್ಕೊಂಡ್ರು. ಇಂಜಿನ್‌ಗೂ ಬಾಡಿಗೂ ಮಧ್ಯ ಒಂದು ಅರ್ಥಿಂಗ್ ಪಟ್ಟಿ ಇರತ್ತೆ, ಇಂಜಿನ್ ರಬ್ಬರ್ ಮೇಲೆ ಕೂತಿರತ್ತಲ್ಲ, ಹಂಗಾಗಿ ಅದಕ್ಕೂ ಬಾಡಿಗೂ ಕಬ್ಬಿಣ ಕಬ್ಬಿಣ ತಾಗಲ್ಲ, ಸ್ಟಾರ್ಟರ್‌ಗೆ ಹೋದ ಕರೆಂಟೆಲ್ಲಾ ವಾಪಸ್ ಬ್ಯಾಟರಿಗೆ ಬರೋದು ಆ ತಾಮ್ರದ ಹೆಣಿಗೆ ಪಟ್ಟಿ ಮೂಲಕ. ನಮ್ದು ಹಸಿರು ಹಿಡ್ದು, ಒಂದು ಕಡೆ ಐದಾರು ಎಳೆ ಮಾತ್ರ ಉಳ್ಕೊಂಡು ನೇತಾಡ್ತಿತ್ತು. ಆ ದಾರಿ ಮುಚ್ಚಿದ್ದಕ್ಕೆ ಕರೆಂಟು ಬೇರೆ ದಾರಿ ಹುಡುಕ್ಕೊಂಡು ಚೋಕ್ ಕೇಬಲ್ಲಿನ ಕಬ್ಬಿಣದ ಸುರುಳೀಲಿ ನುಗ್ತಿತ್ತು, ಅದಕ್ಕೇ ಬಿಸಿ. ಹಂಗೇ ಬಿಟ್ಟಿದ್ರೆ ಕೇಬಲ್ ಸುಟ್ಟು ಹೋಗೋದು, ಕಾರ್ಬುರೇಟರ್ ಪಕ್ಕದಲ್ಲೇ.

ಆದ್ರೆ ಲೈಟು ಹಾರನ್ನು ಹೆಂಗೆ ಚೆನ್ನಾಗಿತ್ತು ಅಂತೀರಾ? ಅವೆರಡೂ ಬಾಡಿಯಿಂದ ಅರ್ಥ್ ತಗೋತವೆ, ಇಂಜಿನ್ ಪಟ್ಟಿ ಮೂಲಕ ಹೋಗೋದೇ ಇಲ್ಲ. ಅಲ್ದೆ ಎರಡು ಹೆಡ್‌ಲೈಟಿಗೆ ಒಟ್ಟು ಹತ್ತು ಆಂಪಿಯರ್ ಸಾಕು, ಸ್ಟಾರ್ಟರ್ ಕೇಳೋದು ನೂರರ ಹತ್ರ. ಬೋರ್‌ವೆಲ್ ನೀರೆಲ್ಲಾ ಡ್ರಿಪ್ ಪೈಪಿನ ತೂತಲ್ಲಿ ಬಾ ಅಂದ್ರೆ ಬರತ್ತಾ?

ಅವ್ರ ಹತ್ರ ಮಲ್ಟಿಮೀಟರ್ ಇತ್ತು, ಲೆಕ್ಕ ತೋರಿಸಿಬಿಟ್ರು. ಗಾಡಿ ಆಫ್ ಇದ್ದಾಗ ಬ್ಯಾಟರಿ 12.6 ವೋಲ್ಟ್, ಅಂದ್ರೆ ಹೊಟ್ಟೆ ತುಂಬಿದೆ. ನಮ್ಮ ಹುಡುಗ ಕೀ ತಿರುಗಿಸಿದಾಗ್ಲೂ 12ರ ಮೇಲೇ ಇತ್ತು, ನಿಜವಾಗ್ಲೂ ಇಂಜಿನ್ ತಿರುಗಿದ್ರೆ ಅದು ಹತ್ತು ಹತ್ತೂವರೆಗಾದ್ರೂ ಇಳೀಬೇಕಿತ್ತು, 9.6ಕ್ಕಿಂತ ಕೆಳಗೆ ಹೋದ್ರೆ ಮಾತ್ರ ಬ್ಯಾಟರಿ ಮೇಲೆ ಡೌಟ್ ಪಡ್ಬೇಕಂತೆ. ಆಮೇಲೆ ಮೀಟರ್ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಇಂಜಿನ್ ಮೈಗೆ ಇಟ್ಟು ಕೀ ತಿರುಗ್ಸು ಅಂದ್ರು. ಅಲ್ಲಿ ಅರ್ಧ ವೋಲ್ಟ್ ಒಳಗೇ ಇರ್ಬೇಕು. ನಮ್ದು ಆರು ದಾಟಿ ಕುಣೀತಿತ್ತು. ಅಂದ್ರೆ ಹನ್ನೆರಡರಲ್ಲಿ ಅರ್ಧ ಆ ಐದಾರು ಎಳೇಲೇ ಸುಟ್ಟೋಗ್ತಿದೆ. ಕೊನೇಗೆ ಪಕ್ಕದ ಮನೆ ಟೆಂಪೋದಿಂದ ಜಂಪ್ ಕೇಬಲ್ ಒಂದು ಎಳೆ ತಂದು ಬ್ಯಾಟರಿ ಮೈನಸ್‌ನಿಂದ ನೇರ ಇಂಜಿನ್ನಿಗೆ ಕಚ್ಚಿಸಿ ಕೀ ತಿರುಗಿಸಿದ್ರೆ, ಸ್ವಾಮಿ, 1999ರಲ್ಲಿ ಶೋರೂಮಿಂದ ತಂದ ದಿನ ತಿರುಗಿದಂಗೆ ತಿರುಗ್ತು. ಹೊಸ ಪಟ್ಟಿಗೆ ಆಗಿದ್ದು ಇನ್ನೂರು ರೂಪಾಯಿ ಒಳಗೆ, ಬಾಡಿಗೆ ಕೂರೋ ಜಾಗದಲ್ಲಿ ಪೇಂಟ್ ಕೆರೆದು, ಟೈಟ್ ಮಾಡಿ, ಮೇಲೆ ವ್ಯಾಸಲೀನ್ ಸವರಿದ್ದು ಬಿಟ್ಟಿ.

ಹಂಗಾದ್ರೆ ಬ್ಯಾಟರಿ ಹಾಕಿದಾಗ ಯಾಕೆ ಸರಿ ಹೋಯ್ತು, ಸ್ಟಾರ್ಟರ್ ಹಾಕಿದಾಗ ಯಾಕೆ ಸರಿ ಹೋಯ್ತು ಅಂತ ನಂಗೂ ಅನ್ನಿಸ್ತು, ಮೋಸ ಇರೋದೇ ಇಲ್ಲಿ. ಬಿಚ್ಚಿ ಜೋಡ್ಸೋವಾಗ ಆ ಪಟ್ಟಿ ಅಲ್ಲಾಡಿ ಎಳೆಗಳು ಮತ್ತೆ ಒಂದಕ್ಕೊಂದು ತಾಗಿ ಕೂತ್ಕೊಳ್ತಿದ್ವು, ಸ್ಟಾರ್ಟರ್ ಬಿಚ್ಚೋನು ಅದರ ಪಕ್ಕದಲ್ಲೇ ಕೈ ಹಾಕ್ತಾನಲ್ಲ. ಎರಡು ವಾರ ಮಣ್ಣು ರೋಡಲ್ಲಿ ಕುಲುಕಾಡಿದ್ಮೇಲೆ ಮತ್ತೆ ಬಿಟ್ಕೊಳ್ಳೋದು. ಗ್ಯಾರೇಜಿನ ಹುಡುಗ ಬೇಕಂತಲೇ ಸುಳ್ಳು ಹೇಳಿದ ಅಂತ ನಾನನ್ನಲ್ಲ, ಪಾರ್ಟ್ ಹಾಕ್ದೆ, ಗಾಡಿ ಸ್ಟಾರ್ಟ್ ಆಯ್ತು, ಅಂದ್ಮೇಲೆ ಪಾರ್ಟೇ ಹೋಗಿತ್ತು ಅಂತ ಅವ್ನೂ ನಂಬಿದ. ತಪ್ಪು ಅಲ್ಲೇ ಇರೋದು. ಹಾಕೋಕೆ ಮುಂಚೆ ಅಳೀಲಿಲ್ಲ.

ಪಟ್ಟಿ ಅಷ್ಟು ಹಸಿರು ಹಿಡಿಯೋಕೆ ಕಾರಣ ನಾವೇ ಅನ್ನಿ. ವ್ಯಾನ್ ನಿಲ್ಸೋದು ಹುಳುಮನೆ ಪಕ್ಕ, ಪ್ರತೀ ಬೆಳೆ ಮುಗಿದ್ಮೇಲೆ ಬ್ಲೀಚಿಂಗ್ ಪೌಡರ್ ನೀರು ಹೊಡೆದು ತೊಳೀತೀವಿ, ಆ ಹಬೆಗೆ ಕಬ್ಬಿಣ ತಾಮ್ರ ಎಲ್ಲಾ ತಿಂದ್ಹೋಗತ್ತೆ, ಇನ್ನೊಂದು ಪಕ್ಕ ಕೊಟ್ಟಿಗೆ, ಗಂಜಲದ ಘಾಟಿಗೂ ತಾಮ್ರ ತಡೆಯಲ್ಲ. ರೇಷ್ಮೆ ಬೆಳೆಯೋರು, ಹಸು ಕಟ್ಟೋರು ಗಾಡಿ ಸ್ವಲ್ಪ ದೂರ ನಿಲ್ಸಿ, ಇಷ್ಟೇ ನಾನು ಹೇಳೋದು. ಈಗ ನಾನೂ ಮುನ್ನೂರು ರೂಪಾಯಿ ಕೊಟ್ಟು ಒಂದು ಮೀಟರ್ ತಂದಿಟ್ಕೊಂಡಿದೀನಿ, ಹೆಂಡತಿ ಪ್ರಕಾರ ಡಾಕ್ಟ್ರು ಸ್ಟೆತಸ್ಕೋಪ್ ಹಾಕ್ಕೊಂಡಂಗೆ ಊರೆಲ್ಲಾ ತಿರುಗ್ತೀನಂತೆ. ‘ಹೋಗಿದೆ’ ಅಂದ ಹಳೇ ಬ್ಯಾಟರೀನ ಅವತ್ತು ಎಕ್ಸ್‌ಚೇಂಜ್‌ಗೆ ಕೊಡ್ದೆ ಮನೆಗೆ ತಂದಿದ್ದೆ, ಅದು ಇವತ್ತಿಗೂ ಕರೆಂಟ್ ಹೋದಾಗ ಹುಳುಮನೆ ಲೈಟ್ ಉರಿಸ್ತಿದೆ.

ಇದು ಇಂಜಿನ್ ತಿರುಗ್ದೇ ಇರೋ ಕಥೆ. ತಿರುಗತ್ತೆ, ಗರಗರ ಗರಗರ ಅನ್ನತ್ತೆ, ಹತ್ಕೊಳ್ಳಲ್ಲ ಅಂದ್ರೆ ಅದು ಬೇರೇನೇ ಕಾಯಿಲೆ, ಆಗ ಬ್ಯಾಟರಿ ಸ್ಟಾರ್ಟರ್ ಸುದ್ದಿಗೇ ಹೋಗ್ಬಾರ್ದು. ನಮ್ಗೆ ಅದೂ ಆಯ್ತು, ಹೋದ ಧನುರ್ಮಾಸದಲ್ಲಿ. ನಂದಿ ಬೆಟ್ಟದ ಕಡೆಯಿಂದ ಮಂಜು ಇಳಿದು ಬೆಳಿಗ್ಗೆ ಎಂಟರ ತನಕ ಎದುರಿಗಿರೋ ಮರ ಕಾಣಲ್ಲ ನಮ್ಮ ಕಡೆ, ಆ ಟೈಮಲ್ಲಿ ವ್ಯಾನ್ ಹಠ ಹಿಡಿಯೋದು, ಬಿಸಿಲು ಬಂದು ಒಂಬತ್ತು ಗಂಟೆಗೆ ಒಂದೇ ಸಲಕ್ಕೆ ಸ್ಟಾರ್ಟು. ಬಿಸಿಲಿಗೆ ಸರಿ ಹೋಗತ್ತೆ ಅಂದ್ರೆ ಅರ್ಧ ಉತ್ತರ ಅಲ್ಲೇ ಇದೆ ಅಂದ್ರು ಆ ಯಜಮಾನ್ರು, ಫೋನಲ್ಲೇ. ರಾತ್ರಿ ಲೈಟೆಲ್ಲಾ ಆರಿಸಿ, ಸೀಟ್ ಎತ್ತಿಟ್ಟು, ಹುಡುಗನ್ನ ಕೀ ತಿರುಗ್ಸೋಕೆ ಬಿಟ್ಟು ದೂರದಿಂದ ನೋಡು ಅಂದ್ರು. ನೋಡಿದ್ರೆ ಸ್ಪಾರ್ಕ್ ಪ್ಲಗ್‌ಗಳಿಗೆ ಕಿಡಿ ಹಂಚೋ ಡಿಸ್ಟ್ರಿಬ್ಯೂಟರ್ ಕ್ಯಾಪ್ ಮೇಲೆ ನೀಲಿ ಇರುವೆ ಹರಿದಂಗೆ ಕಿಡಿ ಹರೀತಿತ್ತು. ಕ್ಯಾಪಲ್ಲಿ ಕೂದಲೆಳೆಯಷ್ಟು ಬಿರುಕು, ಅದರಲ್ಲಿ ತೇವ ಕೂತು, ಪ್ಲಗ್‌ಗೆ ಹೋಗ್ಬೇಕಾದ ಕಿಡಿ ಆಚೇನೇ ಅರ್ಥ್ ಆಗ್ತಿತ್ತು. ಒಣಬಟ್ಟೇಲಿ ಒಳಗೂ ಹೊರಗೂ ಒರೆಸಿದ್ರೆ ಅವತ್ತಿಗೆ ಸ್ಟಾರ್ಟ್ ಆಗೋದು, ಹೊಸ ಕ್ಯಾಪ್ ಹಾಕಿದ ಮೇಲೆ ಆ ರೋಗಾನೇ ಹೋಯ್ತು. ಗ್ಯಾರೇಜಿಗೆ ಹೋಗಿದ್ರೆ, ಅಲ್ಲಿಗೆ ಹೋಗೋ ಹೊತ್ತಿಗೆ ಬಿಸಿಲು ಬಂದಿರತ್ತೆ, ‘ಏನೂ ಆಗಿಲ್ವಲ್ಲಾ ಅಣ್ಣ’ ಅಂತಿದ್ದ, ಇಲ್ಲಾ ಕಾರ್ಬುರೇಟರ್ ಬಿಚ್ಚಿ ಹರವಿರೋನು.

ತಿರುಗಿ ಹತ್ಕೊಳ್ಳದೇ ಇದ್ರೆ ಪ್ಲಗ್ ಬಿಚ್ಚಿ ನೋಡಿ, ಅದೇ ಹೇಳತ್ತೆ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದ್ರೆ ಪೆಟ್ರೋಲ್ ಬರ್ತಿದೆ, ಕಿಡಿ ಇಲ್ಲ, ಇಲ್ಲಾಂದ್ರೆ ನೀವೇ ಚೋಕ್ ಎಳ್ದು ಎಳ್ದು ಮುಳುಗಿಸಿದೀರ ಅಂತ, ಮುಳುಗಿಸಿದ್ರೆ ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ತುಳಿದ್ಹಿಡ್ಕೊಂಡು, ಅದನ್ನ ಪದೇ ಪದೇ ತುಳೀದೇ ಸ್ಟಾರ್ಟ್ ಮಾಡ್ಬೇಕು. ಒಣಕಲಾಗಿದ್ರೆ ಪೆಟ್ರೋಲೇ ಬರ್ತಿಲ್ಲ. ಪ್ಲಗ್ಗನ್ನ ವೈರಿಗೆ ಸಿಕ್ಕಿಸಿ ಇಂಜಿನ್ ಮೈಗೆ ತಾಗಿಸಿಟ್ಟು ತಿರುಗಿಸಿದ್ರೆ ನೀಲಿ ಕಿಡಿ ಟಪ್ ಟಪ್ ಅಂತ ಬರ್ಬೇಕು, ಆದ್ರೆ ಪೆಟ್ರೋಲ್ ಚೆಲ್ಲಿರೋ ಕಡೆ ಈ ಸರ್ಕಸ್ ಬೇಡ, ನಿಮ್ಮ ಹುಬ್ಬು ನಿಮಗೆ ಬೇಕು.

ಪೆಟ್ರೋಲ್ ಅಂದ ತಕ್ಷಣ ಎಲ್ರೂ ಈಗ ಗಾಡಿ ಕೆಡೋದಕ್ಕೆ ಎಥನಾಲೇ ಕಾರಣ ಅಂತಾರೆ. 2023ರ ಫೆಬ್ರವರಿ 6ನೇ ತಾರೀಕು ನಮ್ಮ ಬೆಂಗಳೂರಲ್ಲೇ ಪ್ರಧಾನಿ ಶುರು ಮಾಡಿದ್ದು ಈ 20 ಪರ್ಸೆಂಟ್ ಎಥನಾಲ್ ಪೆಟ್ರೋಲು, ಈಗ ಯಾವ ಬಂಕಿಗೆ ಹೋದ್ರೂ ಹೆಚ್ಚುಕಮ್ಮಿ ಅದೇ. ನನ್ನ ಅಭಿಪ್ರಾಯ ಕೇಳಿದ್ರೆ ಅರ್ಧ ಸತ್ಯ. ಎಥನಾಲ್ ನೀರು ಎಳ್ಕೊಳತ್ತೆ ಅನ್ನೋದು ನಿಜ, ಹಳೇ ಗಾಡಿ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಇದಕ್ಕಂತ ಮಾಡಿದ್ದಲ್ಲ ಅನ್ನೋದೂ ನಿಜ, ನಮ್ಮ ವ್ಯಾನಿನ ಪೆಟ್ರೋಲ್ ಪೈಪ್ ಊದ್ಕೊಂಡು ಮೆತ್ತಗಾಗಿ ಕ್ಲಿಪ್ ಹತ್ರ ಗಾಳಿ ಎಳೀತಿತ್ತು, ಬದಲಾಯಿಸಿದೀನಿ. ಮದ್ವೆಗೊಂದ್ಸಲ ಜಾತ್ರೆಗೊಂದ್ಸಲ ಗಾಡಿ ತೆಗೆಯೋರು ಟ್ಯಾಂಕಲ್ಲಿ ತಿಂಗಳುಗಟ್ಲೆ ಅದನ್ನ ನಿಲ್ಸಿದ್ರೆ ನೀರು ಜಾಸ್ತಿ ಆಗಿ ಎಥನಾಲ್ ಜೊತೆ ತಳಕ್ಕಿಳಿಯತ್ತೆ, ಒಂದು ಗಾಜಿನ ಬಾಟ್ಲಿಗೆ ಹಿಡಿದು ಅರ್ಧ ಗಂಟೆ ಇಟ್ರೆ ತಳದಲ್ಲಿ ಬೇರೆ ಪದರ ಕಣ್ಣಿಗೇ ಕಾಣತ್ತೆ. ಕಾಣ್ಲಿಲ್ಲ ಅಂದ್ರೆ ಸುಮ್ನೆ ಸರ್ಕಾರ ಬೈಕೊಂಡು ಕೂರ್ಬೇಡಿ, ಹೋಗಿ ಅರ್ಥಿಂಗ್ ಪಟ್ಟಿ ನೋಡಿ.

ತಳ್ಳಿ ಸ್ಟಾರ್ಟ್ ಮಾಡೋ ವಿಷ್ಯನೂ ಒಂದು ಮಾತು, ಗುಜರಿ ಪತ್ರದೋರು ಬರ್ದಿದ್ರಲ್ಲ ಅದಕ್ಕೆ. ಕಾರ್ಬುರೇಟರ್ ಗಾಡೀನ ಎರಡನೇ ಗೇರಲ್ಲಿ ಹಾಕಿ ತಳ್ಳಿದ್ರೆ ಬ್ಯಾಟರಿ ಸ್ವಲ್ಪ ಜೀವ ಇದ್ರೂ ಸಾಕು ಹತ್ಕೊಳತ್ತೆ. ಕಾರ್ಬುರೇಟರ್ ಬದ್ಲು ಇಂಜೆಕ್ಷನ್ ಇರೋ ಹೊಸ ಗಾಡೀಲಿ ಬ್ಯಾಟರಿ ಪೂರ್ತಿ ಸತ್ತಿದ್ರೆ ಚಿಂತಾಮಣಿ ತನಕ ತಳ್ಳಿದ್ರೂ ಆಗಲ್ಲ, ಪೆಟ್ರೋಲ್ ಪಂಪೂ ಕರೆಂಟಿದೇ, ಕಂಪ್ಯೂಟರ್ರೂ ಕರೆಂಟಿದೇ. ಹಂಗಾಗಿ ತಳ್ಳಿದ್ರೆ ಸ್ಟಾರ್ಟ್ ಆಗತ್ತೆ ಅನ್ನೋದು ಹಳೇ ಗಾಡಿಗೆ ಅವಮಾನ ಅಲ್ಲ.

ನಗು ಬರೋ ಕೇಸುಗಳೂ ಇದಾವೆ. ಪಕ್ಕದೂರಿನೋರ ಡೀಸೆಲ್ ಜೀಪು ಎರಡು ದಿನದಿಂದ ಸ್ಟಾರ್ಟ್ ಇಲ್ಲ, ಡೀಸೆಲ್ ಪೈಪಲ್ಲಿ ಏರ್ ಹಿಡಿದಿದೆ ಅಂತ ಫಿಲ್ಟರ್ ಬಿಚ್ಚಿ, ಕೈಪಂಪ್ ಒತ್ತಿ ಒತ್ತಿ ಬೆರಳೆಲ್ಲಾ ಬೊಬ್ಬೆ, ಹೀಟರ್ ಪ್ಲಗ್ ಬೇರೆ ಹೊಸಾದು. ಹೋಗಿ ನೋಡಿದ್ರೆ ಇಂಜಿನ್ ಆಫ್ ಮಾಡೋ ಸ್ಟಾಪ್ ಕೇಬಲ್ ಎಳೆದಿದ್ದು ಹಂಗೇ ಇದೆ, ಮೊಮ್ಮಗ ಆಟ ಆಡಿದಾನೆ. ನಮ್ಮ ಅಳಿಯಂದ್ರ ಬೈಕು, ಹ್ಯಾಂಡಲ್ ಮೇಲೆ ಇಂಜಿನ್ ಆರಿಸೋ ಕಿಲ್ ಸ್ವಿಚ್ ಆಫ್ ಆಗಿದ್ದಕ್ಕೆ ಮೆಕ್ಯಾನಿಕ್ ಮನೆಗೆ ಬಂದು ನೂರೈವತ್ತು ತಗೊಂಡು ಹೋದ, ಅದನ್ನ ಮಾತ್ರ ಮನೇಲಿ ಯಾರ ಹತ್ರನೂ ಹೇಳ್ಬೇಡಿ ಅಂದಿದಾರೆ, ನಾನು ಪೇಪರಿಗೆ ಬರೀತಿದೀನಿ.

ಈಗ ಗ್ಯಾರೇಜಿನ ಹುಡುಗರನ್ನ ಬರೀ ಬೈದು ಪ್ರಯೋಜನ ಇಲ್ಲ ಅನ್ನೋದೂ ಗೊತ್ತು. ಅವ್ರು ಕಲ್ತಿರೋದು ಗಾಡಿ ಕಂಪ್ಯೂಟರ್‌ಗೆ ಸ್ಕ್ಯಾನರ್ ಸಿಕ್ಕಿಸಿ ಕೋಡ್ ಓದೋದನ್ನ, ನಮ್ಮ ಗಾಡೀಲಿ ಸ್ಕ್ಯಾನರ್ ಸಿಕ್ಕಿಸೋಕೆ ತೂತೇ ಇಲ್ಲ. ಕಾರ್ಬುರೇಟರ್ ಕೈಯಲ್ಲೇ ಟ್ಯೂನ್ ಮಾಡ್ತಿದ್ದೋರೆಲ್ಲಾ ವಯಸ್ಸಾಗಿ ಮನೇಲಿದಾರೆ, ಆ ಯಜಮಾನ್ರ ಥರ. ಐಟಿಐಗಳಲ್ಲಿ ಅಂಥೋರನ್ನ ತಿಂಗಳಿಗೊಂದು ದಿನ ಕರೆಸಿ, ಸುಮ್ನೆ ಒಂದು ಹಳೇ ಗಾಡಿ ನಿಲ್ಸಿ, ಬೇಕಂತಲೇ ಒಂದು ವೈರ್ ಸಡಿಲ ಮಾಡಿ, ಕಂಡ್ಹಿಡೀರಪ್ಪಾ ಅಂತ ಬಿಟ್ರೆ ಹುಡುಗ್ರು ಎಷ್ಟು ಕಲೀತಾರೆ. ಕೊಬ್ಬರಿ ಮಿಠಾಯಿ ಹಂಚಿ ಸರ್ಟಿಫಿಕೇಟ್ ಕೊಡೋ ವರ್ಕ್‌ಶಾಪ್ ಬೇಡ, ಇದು ಸಾಕು. ಇನ್ನು ಗಾಡಿ ಇರೋರು ಬಿಲ್ ಕೊಡೋ ಮುಂಚೆ ಎರಡೇ ಪ್ರಶ್ನೆ ಕೇಳಿ: ಈ ಪಾರ್ಟ್ ಹೋಗಿದೆ ಅಂತ ಹೆಂಗೆ ಗೊತ್ತಾಯ್ತು, ಎಷ್ಟು ವೋಲ್ಟ್ ಬಂತು. ಬಿಚ್ಚಿದ ಹಳೇ ಪಾರ್ಟನ್ನ ಚೀಲಕ್ಕೆ ಹಾಕಿಸ್ಕೊಂಡು ಬನ್ನಿ.

ನಾನು ಬ್ಯಾಟರಿ ತಂದೆ, ಸ್ಟಾರ್ಟರ್ ಬಿಟ್ಟು ಬಂದೆ. ಅರ್ಥಿಂಗ್ ಸರಿಹೋದ ಮಾರನೇ ದಿನಾನೇ ಗ್ಯಾರೇಜಿಗೆ ಹೋಗಿ ಕೇಳ್ದೆ, ‘ಅದಾಗ್ಲೇ ಹೋಯ್ತಲ್ಲಾ ಅಣ್ಣ’ ಅಂದ. ಗುಜರಿಗಾ ಅಂದೆ. ಇಲ್ಲ, ಚೇಳೂರು ಕಡೆಯೋರೊಬ್ರು ಬಂದಿದ್ರು, ಅವ್ರದ್ದೂ ಓಮ್ನಿನೇ, ಟಕ್ ಅಂತಿತ್ತು, ರೀಕಂಡೀಷನ್ ಅಂತ ಅವ್ರಿಗೆ ಹಾಕಿ ಕಳ್ಸಿದೀನಿ ಅಂದ. ಚೇಳೂರು ಕಡೆಯೋರೇ, ಈ ಪೇಪರ್ ಓದ್ತಿದ್ರೆ ಸ್ಟಾರ್ಟರ್ ನಿಮ್ಮ ಹತ್ರಾನೇ ಇರ್ಲಿ, ಅದರಲ್ಲಿ ಏನೂ ತೊಂದ್ರೆ ಇಲ್ಲ. ಗಾಡಿ ಕೆಳಗೆ ಬಗ್ಗಿ ಆ ಪಟ್ಟಿ ಒಂದ್ಸಲ ನೋಡ್ಕೊಂಡ್ಬಿಡಿ.

ಇಂತಿ,
ಒಬ್ಬ ರೇಷ್ಮೆ ಬೆಳೆಗಾರ
ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ